ಗ್ಯಾಸ್‌ಲೈಟು ಏಕೆ ಮಿಣುಕುತ್ತದೆ? ಹಳೆಯ ಪೆಟ್ರೋಮ್ಯಾಕ್ಸ್‌ನ ದೋಷಪತ್ತೆ ಮತ್ತು ಪಾಲನೆ

ಊರ ಜಾತ್ರೆ, ಮದುವೆಯ ಮೆರವಣಿಗೆ, ಬೆಳಗಿನವರೆಗೂ ನಡೆಯುವ ಪೌರಾಣಿಕ ನಾಟಕ – ಇವುಗಳಿಗೆಲ್ಲ ಬೆಳಕು ಕೊಟ್ಟ ಗ್ಯಾಸ್‌ಲೈಟನ್ನು ನಿಮ್ಮಲ್ಲಿ ಐವತ್ತು ದಾಟಿದವರು ಮರೆತಿರಲಾರರು. ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ತಾಲ್ಲೂಕುಗಳು ಮೇಲುಕೋಟೆಯ ವೈರಮುಡಿ, ಹೇಮಗಿರಿಯ ದನಗಳ ಜಾತ್ರೆ, ಮೂಡಲಪಾಯ ಬಯಲಾಟಗಳ ಸೀಮೆ. ರಾತ್ರಿಯ ಕೂಟಗಳಿಗೆ ಇಲ್ಲಿ ಎಂದೂ ಕೊರತೆ ಇರಲಿಲ್ಲ.

ಒಂದು ವಿಚಿತ್ರವನ್ನು ಗಮನಿಸಿ. ಇಂದಿನ ಮಂಡ್ಯ ಜಿಲ್ಲೆಯಲ್ಲೇ ಇರುವ ಶಿವನಸಮುದ್ರದಲ್ಲಿ 1902ರಲ್ಲಿ ಜಲವಿದ್ಯುತ್ ಉತ್ಪಾದನೆ ಆರಂಭವಾಯಿತು. ಆ ವಿದ್ಯುತ್ತು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಹೋಯಿತು. 1905ರಲ್ಲಿ ಬೆಂಗಳೂರಿಗೆ, 1908ರಲ್ಲಿ ಮೈಸೂರಿಗೆ ದೀಪವಾಯಿತು. ನೀರು ಇಲ್ಲಿನದು, ಯಂತ್ರ ತಿರುಗಿದ್ದೂ ಇಲ್ಲೇ. ಆದರೆ ಸುತ್ತಲಿನ ಹಳ್ಳಿಗಳ ಸರದಿ ಬರಲು ಹಲವು ದಶಕಗಳೇ ಹಿಡಿದವು. ಅಷ್ಟು ಕಾಲ ಹಳ್ಳಿಯ ರಂಗಸ್ಥಳವನ್ನು ಬೆಳಗಿಸಿದ್ದು ಪಂಪು ಹೊಡೆದು ಉರಿಸುವ ಈ ದೀಪ.

ಈಗ ಅದು ಅಟ್ಟ ಸೇರಿದೆ. ಆದರೂ ನಾಟಕದ ನೆಪಕ್ಕೋ ಹಬ್ಬದ ನೆಪಕ್ಕೋ ಅದನ್ನು ಇಳಿಸಿ, ಧೂಳು ಒರೆಸಿ, ಸೀಮೆಎಣ್ಣೆ ಹಾಕಿ ಬೆಂಕಿಕಡ್ಡಿ ಗೀರುವವರಿದ್ದಾರೆ. ಅಪಾಯ ಇರುವುದು ಇಲ್ಲೇ. ಸಂತೆಬೀದಿಯಲ್ಲಿ ಕುಳಿತು ಗ್ಯಾಸ್‌ಲೈಟು ರಿಪೇರಿ ಮಾಡುತ್ತಿದ್ದ ಕುಶಲಕರ್ಮಿಗಳು ಈಗ ವಿರಳ. ದೀಪ ಉಳಿದಿದೆ, ಅದನ್ನು ಬಲ್ಲ ಕೈ ಉಳಿದಿಲ್ಲ. ಒತ್ತಡದಲ್ಲಿರುವ ಸೀಮೆಎಣ್ಣೆಯ ಪಕ್ಕದಲ್ಲೇ ಬೆಂಕಿ ಇರುವ ಈ ಸಾಧನವನ್ನು ಅಂದಾಜಿನ ಮೇಲೆ ರಿಪೇರಿ ಮಾಡುವಂತಿಲ್ಲ. ಅದೃಷ್ಟವಶಾತ್, ಇದರ ದೋಷ ಹುಡುಕಲು ಒಂದೇ ಸೂತ್ರ ಸಾಕು: ಸೀಮೆಎಣ್ಣೆ ಸಾಗುವ ದಾರಿಯಲ್ಲಿ ನೀವೂ ಸಾಗಿರಿ. ದಾರಿ ಎಲ್ಲಿ ತಪ್ಪಿದೆಯೋ ದೋಷ ಅಲ್ಲಿದೆ.

ಸೀಮೆಎಣ್ಣೆಯ ಪ್ರಯಾಣ

ಸೀಮೆಎಣ್ಣೆ ಹಾಕಿ ಉರಿಸುವ ದೀಪಕ್ಕೆ ‘ಗ್ಯಾಸ್‌ಲೈಟು’ ಎಂಬ ಹೆಸರೇಕೆ? ಹೆಸರು ಸರಿಯಾಗಿಯೇ ಇದೆ. ಬುಡ್ಡಿ ಮತ್ತು ಲಾಂದ್ರಗಳಲ್ಲಿ ಬತ್ತಿ ಹೀರಿದ ಎಣ್ಣೆ ಬತ್ತಿಯ ತುದಿಯಲ್ಲೇ ಆವಿಯಾಗಿ ಹಳದಿ ಜ್ವಾಲೆಯಲ್ಲಿ ಉರಿಯುತ್ತದೆ. ಗ್ಯಾಸ್‌ಲೈಟಿನಲ್ಲಿ ಎಣ್ಣೆಯು ಬೆಂಕಿಯನ್ನು ಮುಟ್ಟುವ ಮೊದಲೇ, ಬೇರೆಯೇ ಒಂದು ನಳಿಗೆಯಲ್ಲಿ ಅನಿಲರೂಪಕ್ಕೆ ಬಂದಿರುತ್ತದೆ.

ಪ್ರಯಾಣದ ಹಂತಗಳು ಇವು. ಕೆಳಗಿನ ಹಿತ್ತಾಳೆಯ ಟ್ಯಾಂಕಿನಲ್ಲಿ ಸೀಮೆಎಣ್ಣೆಯೂ ಅದರ ಮೇಲೆ ಗಾಳಿಯೂ ಇರುತ್ತವೆ. ಪಂಪು ಹೊಡೆದಾಗ ಗಾಳಿಯ ಒತ್ತಡ ಏರಿ ಎಣ್ಣೆಯನ್ನು ಮೇಲಕ್ಕೆ ತಳ್ಳುತ್ತದೆ. ಎಣ್ಣೆ ಕಾದ ಆವಿ ನಳಿಗೆಯನ್ನು ಹಾದು ಆವಿಯಾಗುತ್ತದೆ. ಆ ಆವಿ ನಿಪ್ಪಲ್ಲಿನ ಸಣ್ಣ ರಂಧ್ರದಿಂದ ರಭಸವಾಗಿ ಚಿಮ್ಮುತ್ತದೆ. ನಿಮ್ಮ ಕಿವಿಗೆ ಬೀಳುವ ‘ಸುಂಯ್’ ಸದ್ದು ಅದರದೇ. ರಭಸವಾಗಿ ಹರಿಯುವ ಅನಿಲದ ಸುತ್ತ ಒತ್ತಡ ಕಡಿಮೆಯಾಗುವುದರಿಂದ ಅಕ್ಕಪಕ್ಕದ ಗಾಳಿಯೂ ಅದರೊಡನೆ ಮಿಶ್ರಣ ನಳಿಗೆಗೆ ನುಗ್ಗುತ್ತದೆ. ಗಾಳಿ ಬೆರೆತ ಆವಿ ಪಿಂಗಾಣಿ ಬಾಯಿಯ ಮೂಲಕ ಕೆಳಗಿಳಿದು ಮ್ಯಾಂಟಲ್‌ನೊಳಗೆ ನೀಲಿ ಜ್ವಾಲೆಯಾಗಿ ಉರಿಯುತ್ತದೆ. ಅದೇ ಜ್ವಾಲೆಯ ಶಾಖ ಆವಿ ನಳಿಗೆಯನ್ನು ಕಾಯಿಸುತ್ತಿರುತ್ತದೆ. ಹೀಗಾಗಿ ಒಮ್ಮೆ ಹತ್ತಿದ ದೀಪ ತನ್ನ ಇಂಧನವನ್ನು ತಾನೇ ಆವಿ ಮಾಡಿಕೊಳ್ಳುತ್ತದೆ. ಆರಂಭದಲ್ಲಿ ಮಾತ್ರ ಸ್ಪಿರಿಟ್ ಉರಿಸಿ ನಳಿಗೆಯನ್ನು ಕಾಯಿಸಿಕೊಡಬೇಕು.

ಒತ್ತಡ, ಆವಿ, ಗಾಳಿಯ ಮಿಶ್ರಣ, ಮ್ಯಾಂಟಲ್ – ಇವು ನಾಲ್ಕು ನಿಲ್ದಾಣಗಳು. ಗ್ಯಾಸ್‌ಲೈಟಿನ ತೊಂದರೆಗಳೆಲ್ಲ ಈ ನಾಲ್ಕರಲ್ಲಿ ಒಂದಕ್ಕೆ ಸೇರಿರುತ್ತವೆ.

ಬೆಳಕು ಕೊಡುವುದು ಬೂದಿ!

ನೀಲಿ ಜ್ವಾಲೆಯಲ್ಲಿ ಶಾಖ ಹೆಚ್ಚು, ಬೆಳಕು ಕಡಿಮೆ. ಹಾಗಾದರೆ ಕಣ್ಣು ಕೋರೈಸುವ ಬೆಳಕು ಎಲ್ಲಿಂದ? ಉತ್ತರ ಮ್ಯಾಂಟಲ್‌ನಲ್ಲಿದೆ. ಆಸ್ಟ್ರಿಯಾದ ರಸಾಯನ ವಿಜ್ಞಾನಿ ಕಾರ್ಲ್ ಔಯರ್ ಫಾನ್ ವೆಲ್ಸ್‌ಬಾಕ್ 1885ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು. 1891ರ ಹೊತ್ತಿಗೆ ಶೇಕಡಾ 99 ಥೋರಿಯಂ ಆಕ್ಸೈಡ್ ಮತ್ತು ಶೇಕಡಾ 1 ಸೀರಿಯಂ ಆಕ್ಸೈಡ್ ಎಂಬ ಯಶಸ್ವಿ ಮಿಶ್ರಣವನ್ನು ಕಂಡುಕೊಂಡರು. ಈ ಲವಣಗಳಲ್ಲಿ ಅದ್ದಿದ ನೂಲಿನ ಚೀಲವೇ ಹೊಸ ಮ್ಯಾಂಟಲ್. ಮೊದಲ ಸಲ ಹಚ್ಚಿದಾಗ ನೂಲು ಸುಟ್ಟುಹೋಗಿ ಆಕ್ಸೈಡುಗಳ ಹಂದರ ಮಾತ್ರ ಉಳಿಯುತ್ತದೆ. ಕಾದು ಬೆಳ್ಳಗೆ ಹೊಳೆಯುವುದು ಆ ಬೂದಿಯ ಬಲೆ. ಬೆರಳು ತಾಗಿದರೆ ಉದುರುವುದೂ ಅದಕ್ಕೇ.

ಈ ಕಥೆಯಲ್ಲಿ ದಕ್ಷಿಣ ಭಾರತದ ಪಾತ್ರವೂ ಇದೆ. ತಿರುವಾಂಕೂರಿನ ಕರಾವಳಿಯ ಮರಳಿನಲ್ಲಿ ಥೋರಿಯಂ ಇರುವ ಮೊನಜೈಟ್ ಖನಿಜವಿದೆ ಎಂಬುದನ್ನು 1909ರಲ್ಲಿ ಜರ್ಮನಿಯ ರಸಾಯನತಜ್ಞ ಷೋಂಬರ್ಗ್ ಪತ್ತೆಹಚ್ಚಿದರು. ಮ್ಯಾಂಟಲ್ ತಯಾರಿಕೆಗಾಗಿಯೇ ಆ ಮರಳು ಯುರೋಪಿಗೆ ಹಡಗೇರಿತು. ಸೀಮೆಎಣ್ಣೆಯ ಒತ್ತಡ ದೀಪವನ್ನು 20ನೆಯ ಶತಮಾನದ ಆರಂಭದಲ್ಲಿ ‘ಪೆಟ್ರೋಮ್ಯಾಕ್ಸ್’ ಹೆಸರಿನಲ್ಲಿ ಜನಪ್ರಿಯಗೊಳಿಸಿದ್ದು ಬರ್ಲಿನ್ನಿನ ಒಂದು ಕಾರ್ಖಾನೆ. ಕಾಲಕ್ರಮೇಣ ಯಾವ ಕಂಪನಿಯ ದೀಪವಾದರೂ ನಮ್ಮಲ್ಲಿ ಅದು ಪೆಟ್ರೋಮ್ಯಾಕ್ಸೇ ಆಯಿತು.

ಹಚ್ಚುವ ಮುನ್ನ

ಅಟ್ಟದಿಂದ ಇಳಿಸಿದ ದೀಪಕ್ಕೆ ಕೂಡಲೇ ಬೆಂಕಿ ತೋರಿಸಬೇಡಿ. ಮೊದಲು ಟ್ಯಾಂಕಿನಲ್ಲಿರುವ ಹಳೆಯ ಎಣ್ಣೆಯನ್ನು ಚೆಲ್ಲಿ. ವರ್ಷಗಟ್ಟಲೆ ನಿಂತ ಟ್ಯಾಂಕಿನಲ್ಲಿ ತೇವಾಂಶ ಸಾಂದ್ರಗೊಂಡು ನೀರು ಸೇರಿರುತ್ತದೆ. ನೀರು ಸೀಮೆಎಣ್ಣೆಗಿಂತ ಭಾರ. ಆದ್ದರಿಂದ ತಳದಲ್ಲಿ ನಿಲ್ಲುತ್ತದೆ. ಎಣ್ಣೆಯನ್ನು ಮೇಲಕ್ಕೊಯ್ಯುವ ಕೊಳವೆಯ ಬಾಯಿ ಇರುವುದೂ ತಳದಲ್ಲೇ. ದೀಪ ಹೊತ್ತಿದ ಮೇಲೆ ಚಟಚಟ ಸಿಡಿದು ಆರುವುದಕ್ಕೆ ಈ ನೀರೇ ಕಾರಣವಾಗಿರಬಹುದು. ಹೊಸ ಸೀಮೆಎಣ್ಣೆಯನ್ನು ಒಣಗಿದ ಆಲಿಕೆಯಲ್ಲಿ ತೆಳುಬಟ್ಟೆ ಇಟ್ಟು ಸೋಸಿ ಹಾಕಿ.

ಎಷ್ಟು ಹಾಕಬೇಕು? ಮುಕ್ಕಾಲು ಭಾಗ ಮಾತ್ರ. ಏಕೆಂದರೆ ಈ ದೀಪದ ಸ್ಪ್ರಿಂಗು ಗಾಳಿ. ಲೆಕ್ಕ ಹಾಕಿ ನೋಡೋಣ. ಟ್ಯಾಂಕಿನಲ್ಲಿ 300 ಮಿಲಿಲೀಟರ್ ಗಾಳಿ ಇದೆ, ಮಾಪಕ 2 ವಾಯುಭಾರ ತೋರಿಸುತ್ತಿದೆ ಎನ್ನಿ. ಹೊರಗಿನ ವಾಯುಭಾರವನ್ನೂ ಸೇರಿಸಿದರೆ ಒಟ್ಟು ಒತ್ತಡ 3. ದೀಪ 100 ಮಿಲಿಲೀಟರ್ ಎಣ್ಣೆ ಉರಿಸಿದಾಗ ಗಾಳಿಯ ಜಾಗ 400 ಆಗುತ್ತದೆ. ಬಾಯ್ಲ್ ನಿಯಮದಂತೆ ಒಟ್ಟು ಒತ್ತಡ 2.25ಕ್ಕೆ ಇಳಿಯುತ್ತದೆ, ಮಾಪಕದಲ್ಲಿ 1.25. ಟ್ಯಾಂಕನ್ನು ಕಂಠಮಟ್ಟ ತುಂಬಿ ಗಾಳಿಗೆ 50 ಮಿಲಿಲೀಟರ್ ಜಾಗ ಮಾತ್ರ ಬಿಟ್ಟರೆ? 50 ಮಿಲಿಲೀಟರ್ ಎಣ್ಣೆ ಖರ್ಚಾಗುವಷ್ಟರಲ್ಲೇ ಒಟ್ಟು ಒತ್ತಡ ಅರ್ಧಕ್ಕೆ ಇಳಿದು ಮಾಪಕ 0.5 ತೋರಿಸುತ್ತದೆ. ತಾಪದ ಬದಲಾವಣೆಯನ್ನು ಬಿಟ್ಟು ಮಾಡಿದ ಸರಳ ಲೆಕ್ಕ ಇದು. ಆದರೂ ನಾಟಕದ ಮೊದಲ ಅಂಕದಲ್ಲಿ ಮತ್ತೆ ಮತ್ತೆ ಪಂಪು ಹೊಡೆಯಬೇಕಾದ ದೀಪ ನಸುಕಿನ ಹೊತ್ತಿಗೆ ಅಪರೂಪಕ್ಕೆ ಪಂಪು ಕೇಳುವುದೇಕೆ ಎಂಬುದು ಇದರಿಂದ ಅರ್ಥವಾಗುತ್ತದೆ.

ಇನ್ನು ಸೋರಿಕೆಯ ಪರೀಕ್ಷೆ. ಬೆಂಕಿಯಿಲ್ಲದ ಕಡೆ ದೀಪವಿಟ್ಟು, ನಿಯಂತ್ರಣದ ಗುಂಡಿಯನ್ನು ಮುಚ್ಚಿ, ಹತ್ತಾರು ಸಲ ಪಂಪು ಹೊಡೆಯಿರಿ. ಎಣ್ಣೆ ಹಾಕುವ ಮುಚ್ಚಳ, ಒತ್ತಡಮಾಪಕದ ಬುಡ, ಪಂಪಿನ ಬುಡ, ಆವಿ ನಳಿಗೆಯ ಜೋಡಣೆ – ಇಷ್ಟಕ್ಕೂ ಸೋಪಿನ ನೊರೆ ಹಚ್ಚಿ. ಸೈಕಲ್ ಪಂಕ್ಚರ್ ಅಂಗಡಿಯಲ್ಲಿ ನೋಡಿದ್ದೀರಲ್ಲ, ಅದೇ ವಿಧಾನ: ಗುಳ್ಳೆ ಏಳುವಲ್ಲಿ ಸೋರಿಕೆ. ಒಣಗಿ ಬಿರುಕುಬಿಟ್ಟ ವಾಷರನ್ನು ಬದಲಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ವಾಷರಿನ ಬದಲು ದಾರ ಸುತ್ತುವುದು, ಸೋಪು ಮೆತ್ತುವುದು ಬೇಡ. ಗುಳ್ಳೆ ಬಂದದ್ದು ಟ್ಯಾಂಕಿನ ಮೈಯಿಂದಲೇ ಆಗಿದ್ದರೆ ಆ ದೀಪವನ್ನು ಇನ್ನು ಉರಿಸಬಾರದು.

ಹಚ್ಚುವ ಕ್ರಮ

ದೀಪವನ್ನು ಬಯಲಿನಲ್ಲಿ, ಸಮತಟ್ಟಾದ ನೆಲದ ಮೇಲಿಡಿ. ತಣ್ಣಗಿರುವ ಬಟ್ಟಲಿಗೆ ಸ್ಪಿರಿಟ್ ಹಾಕಿ ಹಚ್ಚಿ. ಸ್ಪಿರಿಟ್ ಇನ್ನೇನು ಮುಗಿಯುತ್ತದೆ ಎನ್ನುವಾಗ ನಾಲ್ಕಾರು ಸಲ ಪಂಪು ಹೊಡೆದು ಗುಂಡಿಯನ್ನು ನಿಧಾನವಾಗಿ ತಿರುಗಿಸಿ. ಮ್ಯಾಂಟಲ್ ಬೆಳ್ಳಗಾದ ಮೇಲೆ ಮಾಪಕದ ಕೆಂಪು ಗೆರೆಯವರೆಗೆ ಪಂಪು ಹೊಡೆಯಿರಿ, ಗೆರೆ ದಾಟಬೇಡಿ. ಕಾಯಿಸಿದ್ದು ಸಾಲದೆನಿಸಿದರೂ ಬಿಸಿ ಬಟ್ಟಲಿಗೆ ಮತ್ತೆ ಸ್ಪಿರಿಟ್ ಸುರಿಯಬೇಡಿ. ದೀಪ ಪೂರ್ತಿ ತಣಿಯಲಿ, ಮೊದಲಿನಿಂದ ಆರಂಭಿಸಿ.

ಲಕ್ಷಣ ನೋಡಿ ದೋಷ ಹಿಡಿಯಿರಿ

ಪಂಪಿನ ಹಿಡಿ ಸಲೀಸಾಗಿ ಒಳಹೋಗುತ್ತದೆ, ಒತ್ತಡ ಏರುವುದಿಲ್ಲ: ಪಂಪಿನ ಚರ್ಮದ ವಾಷರ್ ಒಣಗಿ ಕುಗ್ಗಿದೆ. ಸೈಕಲ್ ಪಂಪಿನಲ್ಲಿರುವಂಥದೇ ವಾಷರ್ ಇದು. ಪಂಪಿನ ದಂಡವನ್ನು ಹೊರತೆಗೆದು ಚರ್ಮಕ್ಕೆ ಹೊಲಿಗೆ ಯಂತ್ರದ ಎಣ್ಣೆಯನ್ನೋ ಹರಳೆಣ್ಣೆಯನ್ನೋ ಹಚ್ಚಿ ಸ್ವಲ್ಪ ಹೊತ್ತು ನೆನೆಯಲು ಬಿಡಿ. ಅಂಚನ್ನು ಬೆರಳಿನಿಂದ ಬಟ್ಟಲಿನಂತೆ ಅಗಲಿಸಿ ಮತ್ತೆ ಸೇರಿಸಿ. ಚರ್ಮ ಹರಿದಿದ್ದರೆ ಬದಲಿಸಿ.

ಪಂಪಿನ ಹಿಡಿ ತಾನಾಗಿಯೇ ಮೇಲೇಳುತ್ತದೆ: ಪಂಪಿನ ತಳದಲ್ಲಿ ಗಾಳಿಯನ್ನು ಒಳಗೆ ಮಾತ್ರ ಬಿಡುವ ಕವಾಟವೊಂದಿದೆ. ಅದರ ಪುಟ್ಟ ಬಿರಡೆ ಗಟ್ಟಿಯಾಗಿದೆ, ಇಲ್ಲವೇ ಕಸ ಸಿಕ್ಕಿದೆ. ಪಂಪಿನೊಳಕ್ಕೆ ಸೀಮೆಎಣ್ಣೆ ಬರುತ್ತಿದ್ದರೂ ಇದೇ ಕಾರಣ. ಒತ್ತಡ ಇಳಿಸಿ, ಎಣ್ಣೆ ಖಾಲಿ ಮಾಡಿದ ಮೇಲೆಯೇ ಕವಾಟವನ್ನು ಬಿಚ್ಚಿ.

ಹಚ್ಚಿದ ಕೂಡಲೇ ಹಳದಿ ಜ್ವಾಲೆ ಭುಗಿಲೇಳುತ್ತದೆ: ನಳಿಗೆ ಸಾಕಷ್ಟು ಕಾಯದೆ ಎಣ್ಣೆ ದ್ರವರೂಪದಲ್ಲೇ ಹೊರಬರುತ್ತಿದೆ. ಗುಂಡಿಯನ್ನು ಮುಚ್ಚಿ ದೂರ ಸರಿಯಿರಿ. ಹೊರಬಂದ ಎಣ್ಣೆ ಉರಿದು ಮುಗಿಯಲಿ. ಮೇಲೆ ನೀರು ಸುರಿಯಬಾರದು. ಎಣ್ಣೆ ನೀರಿನ ಮೇಲೆ ತೇಲಿ ಬೆಂಕಿಯನ್ನು ಹರಡುತ್ತದೆ. ಮರಳಿನ ಬಕೆಟ್ಟು ಮತ್ತು ಒದ್ದೆ ಗೋಣಿಚೀಲ ಮೊದಲೇ ಕೈಗೆಟಕುವಂತೆ ಇರಲಿ.

ಬೆಳಕು ಏರುತ್ತ ಇಳಿಯುತ್ತ ಮಿಣುಕುತ್ತದೆ: ಮೊದಲು ಮಾಪಕ ನೋಡಿ. ಒತ್ತಡ ಇಳಿದಿದ್ದರೆ ಪಂಪು ಹೊಡೆದರಾಯಿತು. ಒತ್ತಡ ಸರಿಯಿದ್ದೂ ಮಿಣುಕಿದರೆ ದೋಷ ಎರಡನೆಯ ನಿಲ್ದಾಣದಲ್ಲಿದೆ. ವರ್ಷಗಳ ಬಳಕೆಯಲ್ಲಿ ಎಣ್ಣೆಯ ಇಂಗಾಲ ಆವಿ ನಳಿಗೆಯೊಳಗೆ ಹೆಪ್ಪುಗಟ್ಟಿ ದಾರಿಯನ್ನು ಕಿರಿದಾಗಿಸಿರುತ್ತದೆ. ನಳಿಗೆಯನ್ನು ಬಿಚ್ಚಿ ಶುಚಿಗೊಳಿಸಬೇಕು, ಅಸಾಧ್ಯವಾದರೆ ಬದಲಿಸಬೇಕು.

ಬೆಳಕು ಮಂಕು, ಸದ್ದು ಕ್ಷೀಣ: ನಿಪ್ಪಲ್ಲಿನ ರಂಧ್ರ ಅರ್ಧ ಮುಚ್ಚಿದೆ. ಗುಂಡಿಯನ್ನು ತಿರುಗಿಸಿದಾಗ ಒಳಗಿನ ಪಿನ್ನು ರಂಧ್ರದಲ್ಲಿ ಹಾದು ಕಸವನ್ನು ದೂಡುತ್ತದೆ. ಪಿನ್ನು ಮುರಿದಿದ್ದರೆ ಅಥವಾ ಬಾಗಿದ್ದರೆ ಈ ಕೆಲಸ ಆಗುವುದಿಲ್ಲ. ಆಗ ಕೈಗೆ ಸಿಕ್ಕ ತಂತಿಯಿಂದ ರಂಧ್ರವನ್ನು ಚುಚ್ಚುವುದು ದೊಡ್ಡ ತಪ್ಪು. ರಂಧ್ರದ ವ್ಯಾಸ ಶೇಕಡಾ 10 ಹೆಚ್ಚಿದರೆ ವಿಸ್ತೀರ್ಣ ಶೇಕಡಾ 21 ಹೆಚ್ಚುತ್ತದೆ. ಹೆಚ್ಚಿದ ಆವಿಗೆ ತಕ್ಕಷ್ಟು ಗಾಳಿ ಸಿಗದೆ ದೀಪ ಹೊಗೆಯಾಡತೊಡಗುತ್ತದೆ.

ಮ್ಯಾಂಟಲ್ ಮೇಲೆ ಕಪ್ಪು ಕಲೆ, ಹಳದಿ ಜ್ವಾಲೆ, ಹೊಗೆ: ಆವಿ ಹೆಚ್ಚು, ಗಾಳಿ ಕಡಿಮೆ. ರಂಧ್ರ ಸವೆದು ದೊಡ್ಡದಾಗಿದ್ದರೆ ನಿಪ್ಪಲ್ ಬದಲಿಸಿ. ಅದು ಸರಿಯಿದ್ದರೆ ಮಿಶ್ರಣ ನಳಿಗೆಯನ್ನು ನೋಡಿ. ಅಟ್ಟದಲ್ಲಿದ್ದ ದೀಪದ ಗಾಳಿದಾರಿಯಲ್ಲಿ ಜೇಡ ಬಲೆ ಕಟ್ಟಿರುವುದು, ಕಣಜದ ಹುಳು ಮಣ್ಣು ಮೆತ್ತಿರುವುದು ಸಾಮಾನ್ಯ. ನಿಪ್ಪಲ್ಲಿಗೂ ಮಿಶ್ರಣ ನಳಿಗೆಗೂ ನಡುವಿನ ಅಂತರ ತಪ್ಪಿದ್ದರೂ ಇದೇ ಲಕ್ಷಣ ಕಾಣುತ್ತದೆ.

ಮ್ಯಾಂಟಲ್‌ನಲ್ಲಿ ತೂತು: ಚಿಕ್ಕದಾದರೂ ಕೂಡಲೇ ಬದಲಿಸಿ. ತೂತಿನಿಂದ ಹೊರಡುವ ಜ್ವಾಲೆ ಗಾಜಿನ ಒಂದೇ ಜಾಗಕ್ಕೆ ಬಡಿದು ಗಾಜು ಸಿಡಿಯುತ್ತದೆ. ಹೊಸ ಮ್ಯಾಂಟಲ್ ಕಟ್ಟುವಾಗ ನೆರಿಗೆಗಳು ಸುತ್ತಲೂ ಸಮನಾಗಿರಲಿ, ದಾರ ಪಿಂಗಾಣಿ ಬಾಯಿಯ ಗಾಡಿಯಲ್ಲಿ ಕೂತಿರಲಿ.

ಮಾಡಲೇಬಾರದ ಕೆಲಸಗಳು

ಸೀಮೆಎಣ್ಣೆಗೆ ಪೆಟ್ರೋಲ್ ಬೆರೆಸಬೇಡಿ. ಪಡಿತರ ಅಂಗಡಿಯ ನೀಲಿ ಸೀಮೆಎಣ್ಣೆ ಮೊದಲಿನಂತೆ ಸಿಗದಿರುವುದರಿಂದ ಈ ಎಚ್ಚರಿಕೆ ಇಂದು ಹೆಚ್ಚು ಅಗತ್ಯ. ಸೀಮೆಎಣ್ಣೆಯ ಆವಿ ಕಿಡಿ ಸೋಕಿದಾಗ ಹೊತ್ತಿಕೊಳ್ಳಬೇಕಾದರೆ ಎಣ್ಣೆಯ ತಾಪ ಕನಿಷ್ಠ 35 ಡಿಗ್ರಿ ಸೆಲ್ಸಿಯಸ್ ಇರಬೇಕೆಂಬುದು ಭಾರತೀಯ ಮಾನಕ. ಪೆಟ್ರೋಲಿನ ಆವಿ ಸೊನ್ನೆಗಿಂತ 40 ಡಿಗ್ರಿ ಕೆಳಗೂ ಹೊತ್ತಿಕೊಳ್ಳಬಲ್ಲದು. ಪೆಟ್ರೋಲ್ ಬೆರೆತ ಟ್ಯಾಂಕು ದೀಪವಲ್ಲ, ಬಾಂಬು. ಹಳೆಯ ದೀಪಗಳ ಇಂಗ್ಲಿಷ್ ಕೈಪಿಡಿಯಲ್ಲಿ ‘ಪ್ಯಾರಾಫಿನ್’ ಎಂದಿದ್ದರೆ ಅದು ಸೀಮೆಎಣ್ಣೆಯೇ. ಔಷಧದ ಅಂಗಡಿಯ ಲಿಕ್ವಿಡ್ ಪ್ಯಾರಾಫಿನ್ ಅಲ್ಲ.

ಉರಿಯುವ ಅಥವಾ ಬಿಸಿಯಿರುವ ದೀಪಕ್ಕೆ ಎಣ್ಣೆ ಹಾಕಬೇಡಿ. ಮುಚ್ಚಿದ ಕೋಣೆಯಲ್ಲಿ ಉರಿಸಬೇಡಿ. ಆಮ್ಲಜನಕ ಸಾಲದಾದಾಗ ಹುಟ್ಟುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ, ಆದರೆ ಪ್ರಾಣ ತೆಗೆಯುತ್ತದೆ. ಸೋರುವ ಟ್ಯಾಂಕಿಗೆ ಬೆಸುಗೆ ಹಾಕಿಸಬೇಡಿ. ಖಾಲಿ ಟ್ಯಾಂಕಿನಲ್ಲೂ ಆವಿ ಉಳಿದಿರುತ್ತದೆ. ಬೆಸುಗೆಯ ಕಾವಿಗೆ ಅದು ಸಿಡಿಯಬಹುದು.

ಮ್ಯಾಂಟಲ್ ಬೂದಿಯ ವಿಚಾರದಲ್ಲೂ ಎಚ್ಚರ ಬೇಕು. ಥೋರಿಯಂ ವಿಕಿರಣಶೀಲ ಧಾತು. ಅದರ ಅರ್ಧಾಯು ಸುಮಾರು 1,400 ಕೋಟಿ ವರ್ಷ. ಅದು ಹೊರಸೂಸುವ ಆಲ್ಫಾ ಕಣಗಳನ್ನು ನಮ್ಮ ಚರ್ಮವೇ ತಡೆಯುತ್ತದೆ. ಆದ್ದರಿಂದ ದೀಪದ ಬೆಳಕಿನಲ್ಲಿ ಕೂತವರು ಹೆದರಬೇಕಿಲ್ಲ. ಬೂದಿ ಉಸಿರಿನೊಡನೆ ಅಥವಾ ಆಹಾರದೊಡನೆ ಒಳಗೆ ಹೋಗಬಾರದು, ಅಷ್ಟೆ. ಹರಿದ ಮ್ಯಾಂಟಲನ್ನು ಬಾಯಿಂದ ಊದಬೇಡಿ. ಒದ್ದೆ ಕಾಗದದಲ್ಲಿ ಒರೆಸಿ, ಪೊಟ್ಟಣ ಕಟ್ಟಿ ಬಿಸಾಡಿ, ಕೈ ತೊಳೆಯಿರಿ. ಹೊಸ ಮ್ಯಾಂಟಲ್ ಮೊದಲ ಸಲ ಉರಿಯುವಾಗ ಬರುವ ಹೊಗೆಯಿಂದ ದೂರವಿರಿ. ಹಲವು ದೇಶಗಳಲ್ಲಿ ಈಗ ಥೋರಿಯಂ ಬದಲು ಇಟ್ರಿಯಂ ಬಳಸುತ್ತಾರೆ.

ಕೊಟ್ಟಿಗೆಯ ಅಟ್ಟ ಬೇಡ

ನಾಗಮಂಗಲ ಹಿತ್ತಾಳೆ ಪಾತ್ರೆ ಹಾಗೂ ಲೋಹದ ವಿಗ್ರಹಗಳಿಗೆ ಹೆಸರಾದ ಊರು. ಹಿತ್ತಾಳೆ ಎಂದರೆ ತಾಮ್ರ ಮತ್ತು ಸತುವಿನ ಮಿಶ್ರಲೋಹ. ನೀರಿಗೂ ಗಾಳಿಗೂ ಜಗ್ಗದ ಈ ಲೋಹಕ್ಕೆ ಒಂದು ಶತ್ರು ಇದೆ – ಅಮೋನಿಯ. ತಗಡನ್ನು ಒತ್ತಿ ಆಕಾರ ಕೊಟ್ಟಾಗ ಲೋಹದೊಳಗೆ ಬಿಗುವು ಉಳಿದಿರುತ್ತದೆ. ಅಂಥ ಹಿತ್ತಾಳೆಗೆ ತೇವದೊಡನೆ ಅಮೋನಿಯ ತಾಗಿದರೆ ಕೂದಲೆಳೆಯಂಥ ಬಿರುಕುಗಳು ಏಳುತ್ತವೆ. 19ನೆಯ ಶತಮಾನದಲ್ಲಿ ಭಾರತದಲ್ಲಿದ್ದ ಬ್ರಿಟಿಷ್ ಸೇನೆ ಮಳೆಗಾಲದಲ್ಲಿ ಕುದುರೆ ಲಾಯಗಳ ಬಳಿ ಇಟ್ಟಿದ್ದ ಹಿತ್ತಾಳೆಯ ತೋಟಾಗಳು ಹೀಗೆಯೇ ಬಿರುಕುಬಿಟ್ಟವು. ಲಾಯದ ಗಂಜಲದಿಂದ ಏಳುವ ಅಮೋನಿಯವೇ ಕಾರಣವೆಂದು ಖಚಿತವಾದದ್ದು 1921ರಲ್ಲಿ.

ನಮ್ಮ ಹಳ್ಳಿಯ ಮನೆಗಳಲ್ಲಿ ಬಳಸದ ಸಾಮಾನು ಸೇರುವುದು ಎಲ್ಲಿಗೆ? ಹೆಚ್ಚಾಗಿ ದನದ ಕೊಟ್ಟಿಗೆಯ ಅಟ್ಟಕ್ಕೆ, ಇಲ್ಲವೇ ಯೂರಿಯಾ ಚೀಲಗಳ ಪಕ್ಕಕ್ಕೆ. ಎರಡೂ ಕಡೆ ಅಮೋನಿಯ ಇರುತ್ತದೆ. ಹೊರಮೈಗೆ ನಿಕ್ಕಲ್ ಲೇಪವಿದ್ದರೂ ಅದು ಸವೆದ ಜಾಗಕ್ಕೆ ರಕ್ಷಣೆಯಿಲ್ಲ. ಆದ್ದರಿಂದ ದೀಪವನ್ನು ಎಣ್ಣೆ ಖಾಲಿ ಮಾಡಿ, ಒತ್ತಡ ಬಿಟ್ಟು, ಒಣಬಟ್ಟೆಯಲ್ಲಿ ಸುತ್ತಿ ಮನೆಯೊಳಗೆ ಒಣ ಜಾಗದಲ್ಲಿಡಿ. ಬೂದಿ, ಮರಳು ಹಾಕಿ ಉಜ್ಜಿದರೆ ನಿಕ್ಕಲ್ ಲೇಪ ಕಿತ್ತುಬರುತ್ತದೆ. ಸೋಪುನೀರಿನ ಮೆತ್ತನೆ ಬಟ್ಟೆ ಸಾಕು. ಕೊಟ್ಟಿಗೆಯಲ್ಲಿ ಬಹುಕಾಲ ಇದ್ದ ದೀಪವಾದರೆ, ನೋಡಲು ಎಷ್ಟೇ ಚೆನ್ನಾಗಿದ್ದರೂ, ನೊರೆ ಪರೀಕ್ಷೆ ಮಾಡದೆ ಹಚ್ಚಬೇಡಿ.

ಇಷ್ಟೆಲ್ಲ ಏಕೆ?

ಬೆಳಕಿಗಾಗಿ ಎಂದರೆ ಲೆಕ್ಕ ಒಪ್ಪುವುದಿಲ್ಲ. ದೊಡ್ಡ ಪೆಟ್ರೋಮ್ಯಾಕ್ಸ್ ಸುಮಾರು 8 ಗಂಟೆಯಲ್ಲಿ ಒಂದು ಲೀಟರ್ ಎಣ್ಣೆ ಕುಡಿಯುತ್ತದೆ. ಒಂದು ಲೀಟರ್ ಸೀಮೆಎಣ್ಣೆಯ ಶಕ್ತಿ ಸುಮಾರು 350 ಲಕ್ಷ ಜೂಲ್. ಅಂದರೆ ದೀಪ ಉರಿಯುವಾಗ ಬಳಸುವ ಸಾಮರ್ಥ್ಯ ಸುಮಾರು 1,200 ವಾಟ್. ಅದಕ್ಕೆ ಪ್ರತಿಯಾಗಿ ಸಿಗುವ ಬೆಳಕು ಹಳೆಯ 100 ವಾಟ್ ಬಲ್ಬಿನಷ್ಟು. ಇಂದಿನ ಎಲ್ಇಡಿ ಅಷ್ಟು ಬೆಳಕನ್ನು ಹದಿನೈದು ವಾಟ್‌ನೊಳಗೆ ಕೊಡುತ್ತದೆ. ಆದ್ದರಿಂದ ಕರೆಂಟು ಹೋದಾಗ ಬೇಕಾಗುವ ಬೆಳಕಿಗೆ ಬ್ಯಾಟರಿಯ ಎಲ್ಇಡಿ ದೀಪವನ್ನೇ ಬಳಸಿ.

ಗ್ಯಾಸ್‌ಲೈಟನ್ನು ಉಳಿಸಿಕೊಳ್ಳಲು ಬೇರೆ ಕಾರಣವಿದೆ. ಬಾಯ್ಲ್ ನಿಯಮ, ಬಾಷ್ಪೀಕರಣ, ಹರಿಯುವ ಅನಿಲದ ಒತ್ತಡ, ದಹನಕ್ಕೆ ಬೇಕಾದ ಗಾಳಿ, ಕಾದ ಆಕ್ಸೈಡಿನ ಬೆಳಕು – ಪ್ರೌಢಶಾಲೆಯ ಭೌತ ಮತ್ತು ರಸಾಯನ ವಿಜ್ಞಾನದ ಇಷ್ಟೊಂದು ಪಾಠಗಳು ಒಂದೇ ಹಿಡಿಕೆಗೆ ನೇತುಬಿದ್ದಿರುವ ಸಾಧನ ಮತ್ತೊಂದು ಸಿಗುವುದು ಕಷ್ಟ. ನೀವು ಶಿಕ್ಷಕರಾಗಿದ್ದರೆ ಊರಿನಲ್ಲಿ ಉಳಿದಿರುವ ಒಂದು ದೀಪವನ್ನು ತರಗತಿಗೆ ತರಿಸಿ. ಎಣ್ಣೆಯೂ ಬೆಂಕಿಯೂ ಬೇಡ. ಬಿಡಿಬಿಡಿಯಾಗಿ ಬಿಚ್ಚಿ ಮೇಜಿನ ಮೇಲೆ ಸಾಲಾಗಿ ಇಡಿ. ಪ್ರತಿ ಭಾಗವನ್ನು ಕೈಗೆ ಕೊಟ್ಟು, ‘ಇದಿಲ್ಲದಿದ್ದರೆ ಏನಾಗುತ್ತದೆ?’ ಎಂದು ಮಕ್ಕಳನ್ನು ಕೇಳಿ. ಊರಿನಲ್ಲಿ ಹಿಂದೆ ಗ್ಯಾಸ್‌ಲೈಟು ಹಚ್ಚುತ್ತಿದ್ದ ಹಿರಿಯರು ಇದ್ದರೆ ಅವರನ್ನೂ ಕರೆಸಿ. ನಿಯಮ ಪುಸ್ತಕದಲ್ಲಿದೆ, ಅದರ ಅನುಭವ ಆ ಹಿರಿಯರ ಕೈಯಲ್ಲಿದೆ. ಎರಡನ್ನೂ ಒಟ್ಟಿಗೆ ಕಲಿಯುವ ಅವಕಾಶ ಹೆಚ್ಚು ಕಾಲ ಇರುವುದಿಲ್ಲ.